ನಲವತ್ತೊಂದು ಎಂದ ಮಷೀನು

"ನಿನ್ನ ಕೈಗೆ ಕ್ಯಾಲಿಬ್ರೇಶನ್ ಸರ್ಟಿಫಿಕೇಟ್ ಉಂಟಾ ಮಾರಾಯ?"

ಜಯಶೀಲ ಈ ಮಾತು ಆಡಿ ಎರಡು ವರ್ಷವಾಯಿತು. ಆರು ಜನರ ಮುಂದೆ ಆಡಿದ, ಆರೂ ಜನ ನಕ್ಕರು. ಯಾರು ಬಾಯಿ ತೆರೆದು ನಕ್ಕರು, ಯಾರು ಮುಖ ತಿರುಗಿಸಿ ನಕ್ಕರು ಎಂಬುದನ್ನು ಮಾಪಣ್ಣ ಇವತ್ತಿಗೂ ಹೇಳಬಲ್ಲ. ಆಮೇಲೆ ಏನೆಲ್ಲ ಆಗಿ ಹೋಯಿತು. ಆದರೂ ಅವನಿಗೆ ಮೊದಲು ನೆನಪಾಗುವುದು ಆ ನಗುವೇ.

ಮಾಪಣ್ಣ ಕಲಬುರಗಿ ಜಿಲ್ಲೆಯ ಚಿತ್ತಾಪುರದ ಕಡೆಯವನು. ಆರನೇ ಇಯತ್ತೆಗೆ ಶಾಲೆ ಬಿಟ್ಟವನು, ಮುಂಬಯಿ ಹತ್ತಿರದ ಡೊಂಬಿವಲಿಯ ಕೈಗಾರಿಕಾ ವಸಾಹತು ಎಂಐಡಿಸಿಯ ಒಂದು ಶೆಡ್ಡಿನಲ್ಲಿ ಇಪ್ಪತ್ತೆರಡು ವರ್ಷ ಭಟ್ಟಿಯ ಮುಂದೆ ನಿಂತ. ಉಕ್ಕಿನ ಸಾಮಾನನ್ನು ಕೆಂಪಗೆ ಕಾಯಿಸಬೇಕು, ಎಣ್ಣೆಯಲ್ಲಿ ಅದ್ದಿ ಗಟ್ಟಿ ಮಾಡಬೇಕು, ಆಮೇಲೆ ಸಣ್ಣ ಕಾವಿನಲ್ಲಿ ಇನ್ನೊಮ್ಮೆ ಇಟ್ಟು ಆ ಗಟ್ಟಿತನವನ್ನು ಹದಕ್ಕೆ ಇಳಿಸಬೇಕು. ಈ ಎರಡನೇ ಕಾವು ತಪ್ಪಿತೋ, ಉಕ್ಕು ಗಾಜಿನ ಹಾಗೆ. ಗೀರು ಬೀಳುವುದಿಲ್ಲ, ಬಾಗುವುದಿಲ್ಲ, ಒಂದು ದಿನ ಹೇಳದೆ ಕೇಳದೆ ಮುರಿಯುತ್ತದೆ.

ಎಷ್ಟು ಗಟ್ಟಿ ಎಂದು ಅಳೆಯಲು ಜಯಶೀಲನ ಗಾಜಿನ ಕೋಣೆಯಲ್ಲಿ ರಾಕ್‌ವೆಲ್ ಮಷೀನಿತ್ತು. ವಜ್ರದ ಮೊನೆ ಉಕ್ಕನ್ನು ಒತ್ತುತ್ತದೆ, ಮುಳ್ಳು ಒಂದು ನಂಬರಿನ ಮೇಲೆ ನಿಲ್ಲುತ್ತದೆ; ನಂಬರು ಹೆಚ್ಚಿದಷ್ಟೂ ಉಕ್ಕು ಗಟ್ಟಿ. ಜಯಶೀಲ ಉಡುಪಿಯವನು, ಡಿಪ್ಲೊಮಾ ಓದಿದವನು, ಕೆಟ್ಟವನೇನಲ್ಲ. ದಿನಾ ಬೆಳಿಗ್ಗೆ ಮಷೀನಿಗೆ ಮಾದರಿ ಬಿಲ್ಲೆ ಇಟ್ಟು ನಂಬರು ಸರಿಯಿದೆಯೇ ನೋಡಿ, ಒಂದು ಊದಿನಕಡ್ಡಿ ಹಚ್ಚಿಯೇ ಕೆಲಸ ಶುರು ಮಾಡುತ್ತಿದ್ದ. ಮಾಪಣ್ಣನ ಹತ್ತಿರ ಇದ್ದದ್ದು ಹಳೆಯದೊಂದು ಅರ. ಉಕ್ಕಿನ ಅಂಚಿಗೆ ಒಮ್ಮೆ ಎಳೆಯುತ್ತಿದ್ದ. ಕಚ್ಚಿದರೆ ಮೆದು, ಜಾರಿದರೆ ಗಟ್ಟಿ. ನಡುವಿನ ನಂಬರುಗಳನ್ನು ಅವನ ಮಣಿಕಟ್ಟು ಹೇಳುತ್ತಿತ್ತು, ಎರಡು ಮೂರು ಆಚೆ ಈಚೆ.

ಆ ಮಳೆಗಾಲ ಅಂಬರನಾಥದ ಒಂದು ಕಾರ್ಖಾನೆಯಿಂದ ನಲವತ್ತು ಪಿನ್ನು ಬಂದವು. ಭಾರ ಎತ್ತುವ ಚೈನ್ ಕುಪ್ಪಿಯಲ್ಲಿ, ಅಂದರೆ ಸರಪಳಿ ರಾಟೆಯಲ್ಲಿ, ಕೊಕ್ಕೆಯನ್ನು ಹಿಡಿದು ನಿಲ್ಲಿಸುವ ಪಿನ್ನು, ಹೆಬ್ಬೆರಳ ಗಾತ್ರದ್ದು. ನಕ್ಷೆಯಲ್ಲಿ ಗಟ್ಟಿತನ ನಲವತ್ತರಿಂದ ನಲವತ್ತೆರಡು ಎಂದು ಬರೆದಿತ್ತು. ಗುರುವಾರ ಸಂಜೆ ಎಣ್ಣೆಯಲ್ಲಿ ಅದ್ದಿದರು. ಶುಕ್ರವಾರ ಎಂಐಡಿಸಿಗೆ ವಾರದ ರಜೆ. ಎರಡನೇ ಕಾವು ಆದ ಟ್ರೇಗೆ ಚಾಕ್‌ಪೀಸಿನಲ್ಲಿ ಎರಡನೇ ಗೀಟು ಎಳೆಯುವುದು ಅಲ್ಲಿಯ ಪದ್ಧತಿ. ಶುಕ್ರವಾರದ ಮಳೆಗೆ ಶೆಡ್ಡು ಸೋರಿ ಎಲ್ಲ ಗೀಟೂ ತೊಳೆದು ಹೋಗಿತ್ತು. ಶನಿವಾರದ ಪಾಳಿಯವರು, ಗುರುವಾರದವರು ಮುಗಿಸಿಯೇ ಹೋಗಿರಬೇಕು ಎಂದುಕೊಂಡು ಟ್ರೇಯನ್ನು ಗಾಜಿನ ಕೋಣೆಗೆ ತಳ್ಳಿದರು. ಮಷೀನು ನಲವತ್ತೊಂದು ತೋರಿಸಿತು. ಹೇಳಿ ಮಾಡಿಸಿದಂಥ ನಂಬರು. ಇನ್ನು ಯಾರು ಏನು ಕೇಳುತ್ತಾರೆ?

ಮಾಪಣ್ಣ ಹಾದು ಹೋಗುವಾಗ ಒಂದು ಪಿನ್ನಿಗೆ ಸುಮ್ಮನೆ ಅರ ಎಳೆದ. ಮೊದಲ ಎಳೆತಕ್ಕೆ ಕಚ್ಚಿತು. ಅದೇ ಜಾಗದಲ್ಲಿ ಮೂರನೆಯ ಎಳೆತಕ್ಕೆ ಜಾರಿತು.

"ಸರ, ಇದು ಮ್ಯಾಲ ಮೆತ್ತಗದ, ಒಳಗ ಗಾಜಿನಂಗ ಅದ," ಎಂದು ಜಯಶೀಲನಿಗೆ ಹೇಳಿದ.

"ಮೂರು ಪಿನ್ನು ನೋಡಿದ್ದೇನೆ. ಮೂರೂ ನಲವತ್ತೊಂದು."

"ಭಟ್ಟ್ಯಾಗ ಗಾಳಿ ಸೋರ್ಲಕತ್ತದ ಸರ. ಮ್ಯಾಲಿನ ಚರ್ಮ ಸುಟ್ಟು ಮೆತ್ತಗಾಗ್ಯಾದ. ನಿಮ್ಮ ಮಷೀನು ಆ ಚರ್ಮಾನೇ ಅಳೀಲಕತ್ತದ. ಒಂದ್ ಪಿನ್ನು ಗ್ರೈಂಡರ್‌ಗೆ ಹಿಡದು ಒಳಗ ನೋಡ್ರಿ."

"ಗ್ರೈಂಡ್ ಮಾಡಿದ್ದನ್ನು ಪಾರ್ಟಿ ತಗೊಳ್ತಾನಾ? ನಲವತ್ತಕ್ಕೆ ನಲವತ್ತು ಕೊಡಬೇಕು. ಟೆಂಪೋ ಹೊರಗೆ ನಿಂತುಂಟು, ಹೋಗು."

"ಟೆಂಪೋ ನಿಂದರ್ಲಿ. ಇದು ಐವತ್ತಾರಕ್ಕ ಕಮ್ಮಿ ಇಲ್ಲ, ನಾ ಹೇಳ್ಲಕತ್ತೀನಿ."

ಆಗಲೇ ಜಯಶೀಲ ಆ ಸರ್ಟಿಫಿಕೇಟಿನ ಮಾತು ಆಡಿದ್ದು. ನಗುವಿನ ನಡುವೆ ಒಬ್ಬ, "ದೇಖೋ ಭಾಯ್, ಅಪ್ನಾ ರಾಕ್‌ವೆಲ್ ಅಣ್ಣಾ," ಎಂದು ಬೇರೆ ಸೇರಿಸಿದ. ಮಾಪಣ್ಣ ಅರವನ್ನು ನೆಲಕ್ಕೆ ಎಸೆದ. "ಹಂಗಾದ್ರ ನೀವಾಯ್ತು, ನಿಮ್ಮ ಮಷೀನಾಯ್ತು," ಎಂದು ನಲ್ಲಿಯ ಹತ್ತಿರ ಹೋಗಿ ಕೈ ತೊಳೆದ.

ಆ ಪಿನ್ನು ಎಲ್ಲಿಗೆ ಹೋಗುತ್ತವೆ ಎಂದು ಅವನಿಗೆ ಗೊತ್ತಿತ್ತು. ಹೆಂಡತಿ ಸತ್ಯಮ್ಮನ ತಮ್ಮ ಸಿದ್ರಾಮ ಅದೇ ಕಾರ್ಖಾನೆಯಲ್ಲಿ, ಅದೇ ಕುಪ್ಪಿಗಳ ಕೆಳಗೆ ನಿಂತು ಭಾರಕ್ಕೆ ದಾರಿ ತೋರಿಸುವ ಕೆಲಸದಲ್ಲಿದ್ದ. ಶೆಡ್ಡಿನ ಮಾಲೀಕ ಸೇಟ್ ಮಹಡಿಯ ಮೇಲೆ ಕೂತಿದ್ದ. ಹನ್ನೆರಡು ಕಬ್ಬಿಣದ ಮೆಟ್ಟಿಲು. ಒಂದು ಪಿನ್ನು ಹಿಡಿದು ಹತ್ತಿದ್ದರೆ ಎರಡು ನಿಮಿಷದ ಮಾತು. ಹತ್ತಲಿಲ್ಲ. ಮುರೀಲಿ, ಆಗ ಗೊತ್ತಾಗ್ತದ ಇವರಿಗೆ, ಎಂದು ಮನಸ್ಸಿನಲ್ಲೇ ಅಂದುಕೊಂಡ. ಟೆಂಪೋ ಗೇಟು ದಾಟಿತು.

ಮರುದಿನ ಅಂಬರನಾಥಕ್ಕೆ ಹೋಗಿ ಸಿದ್ರಾಮನನ್ನು ಚಹಾದ ಟಪರಿಗೆ ಕರೆದು ಎಲ್ಲ ಹೇಳಿದ. "ಬೆನ್ನು ನೋವದ ಅಂತ ಹೇಳಿ ಪ್ಯಾಕಿಂಗ್‌ಕ ಹಾಕಿಸ್ಕೋ. ಕುಪ್ಪಿ ಬುಡಕ ನಿಂದರಬ್ಯಾಡ."

"ಹಂಗಾದ್ರ ಎಲ್ಲರಿಗೂ ಹೇಳಮು ಮಾಮಾ."

"ಯಾರು ಹೇಳಿದ್ರು ಅಂತ ಕೇಳ್ತಾರ. ನನ್ನ ಹೆಸರು ಬರ್ತದ. ಸೇಟ್ ನನ್ನ ಹೊರಗ ಹಾಕ್ತಾನ, ಮುಕಾದಮ ನಿನ್ನ ಹೊರಗ ಹಾಕ್ತಾನ. ನೀ ಸರಕೋ, ಅಷ್ಟ ಸಾಕು."

"ನನ್ನ ಜಾಗಾಕ ಇನ್ನೊಬ್ಬ ಬರ್ತಾನಲ್ಲ."

ಮಾಪಣ್ಣ ಗ್ಲಾಸು ಕೆಳಗಿಟ್ಟ. "ನಿಮ್ಮಕ್ಕ ನಿನ್ನ ಕೇಳ್ತಾಳ. ಅವನ ಕೇಳಂಗಿಲ್ಲ."

ಬಂದ ಇನ್ನೊಬ್ಬ ವಿಜಯಪುರದ ಕಡೆಯ ವಿಠಲ, ಡೊಂಬಿವಲಿಯ ಚಾಳಿನಲ್ಲಿ ಇದ್ದವನು. "ಏನಪಾ ಸಿದ್ರಾಮ, ಇಪ್ಪತ್ತಾರಕ್ಕ ಮುದುಕ ಆದ್ಯಲ್ಲ," ಎಂದು ಕಾಡುತ್ತಲೇ ಅವನ ಜಾಗದಲ್ಲಿ ನಿಂತ.

ದಿನಾ ಸಂಜೆ ಮಾಪಣ್ಣ ಫೋನು ಮಾಡುತ್ತಿದ್ದ. "ಇವತ್ತು?" "ಏನಿಲ್ಲ ಮಾಮಾ." ಐದು ದಿನ, ಹತ್ತು ದಿನ. ಇಂಥ ಉಕ್ಕು ಮೊದಲ ದಿನವೇ ಮುರಿಯಬೇಕೆಂದೇನಿಲ್ಲ. ಒಳಗೆ ಕೂದಲೆಳೆಯಷ್ಟು ಬಿರುಕು ಬಿಟ್ಟರೆ, ಭಾರ ಎತ್ತಿದ ಹಾಗೆಲ್ಲ ಅದು ಮುಂದೆ ಹೋಗುತ್ತದೆ, ಹೊರಗೆ ಪಿನ್ನು ಹೊಳೆಯುತ್ತಲೇ ಇರುತ್ತದೆ. ಅದು ಮಾಪಣ್ಣನಿಗೆ ಗೊತ್ತು. ಗೊತ್ತಿದ್ದೂ ಹನ್ನೆರಡನೆಯ ದಿನಕ್ಕೆ ತನ್ನ ಕೈಯ ಮೇಲೇ ಅನುಮಾನ ಬಂತು. ಅನುಮಾನ ಬಂದಾಗ ಸಮಾಧಾನ ಆಗಬೇಕಿತ್ತು, ಸಿಟ್ಟು ಬಂತು. ಹಾಗಾದರೆ ಜಯಶೀಲನೇ ಗೆದ್ದನೇ? ಯಾರೂ ಇಲ್ಲದ ಹೊತ್ತಿನಲ್ಲಿ ಒಂದೇ ಒಂದು ಪಿನ್ನು ಮುರಿಯಲಿ ಎಂದು ಬೇಡಿಕೊಂಡ. ಊಟ ಸೇರಲಿಲ್ಲ. ಸತ್ಯಮ್ಮ ಕೇಳಿದರೆ ಅವಳ ಮೇಲೆ ರೇಗಿದ.

ಹತ್ತೊಂಬತ್ತನೆಯ ದಿನ ಸಂಜೆ ಬರಬೇಕಾದ ಫೋನು ಬೆಳಿಗ್ಗೆ ಹನ್ನೊಂದಕ್ಕೆ ಬಂತು.

"ಮಾಮಾ, ವಿಠಲ," ಅಂದ ಸಿದ್ರಾಮ. ಪಿನ್ನು ಮುರಿದು ಭಾರ ವಿಠಲನ ಮೇಲೇ ಬಿದ್ದಿತ್ತು. ಆಸ್ಪತ್ರೆಗೆ ಒಯ್ಯುವ ಕಾರಣವೂ ಉಳಿದಿರಲಿಲ್ಲ.

ಜಯಶೀಲ ಅಂಬರನಾಥದಿಂದ ಒಂದು ಪಿನ್ನು ತರಿಸಿಕೊಂಡು, ಬಾಗಿಲು ಹಾಕಿ, ಗ್ರೈಂಡರಿಗೆ ಹಿಡಿದು ಮೇಲಿನ ಚರ್ಮ ತೆಗೆದು ಮಷೀನಿಗೆ ಇಟ್ಟ. ಐವತ್ತೇಳು. ಆ ಪಿನ್ನು ಹಿಡಿದು ಭಟ್ಟಿಯ ಹತ್ತಿರ ಬಂದ.

"ನಿನಗೆ ಅಷ್ಟು ಗ್ಯಾರಂಟಿ ಇದ್ರೆ ಮೇಲೆ ಹೋಗಿ ಸೇಟ್‌ಗೆ ಯಾಕೆ ಹೇಳಲಿಲ್ಲ ಮಾಪಣ್ಣ?"

"ನಮ್ಮಂಥವರ ಮಾತಿಗಿ ಸರ್ಟಿಫಿಕೇಟ್ ಎಲ್ಲದ ಸರ?"

ಜಯಶೀಲ ಗಾಜಿನ ಕೋಣೆಗೆ ವಾಪಸು ಹೋದ. ತಪ್ಪಾಯಿತು ಎನ್ನಲಿಲ್ಲ, ಐವತ್ತೇಳನ್ನು ಎಲ್ಲೂ ಬರೆಯಲೂ ಇಲ್ಲ. ಮುಂದಿನ ತಿಂಗಳು ನವಿ ಮುಂಬಯಿಯ ಬೇರೆ ಲ್ಯಾಬಿಗೆ ಸೇರಿಕೊಂಡ. ನಲವತ್ತೊಂದು ಎಂದು ಅವನು ಸಹಿ ಹಾಕಿದ ಕಾಗದ ಮಾತ್ರ ಇಲ್ಲೇ ಉಳಿಯಿತು. ಅಂಬರನಾಥದ ಕಾರ್ಖಾನೆಯವರು ವಿಚಾರಣೆಯಲ್ಲಿ ಅದನ್ನೇ ಮುಂದಿಟ್ಟರು: ಪಿನ್ನು ಸರಿಯಿತ್ತು, ವಿಠಲನೇ ಮಿತಿ ಮೀರಿ ಭಾರ ಹೇರಿಸಿದ.

ತಿಥಿಯ ದಿನಗಳು ಮುಗಿದ ಮೇಲೆ ಮಾಪಣ್ಣ ಸಿದ್ರಾಮನ ಜೊತೆ ವಿಠಲನ ಚಾಳಿಗೆ ಹೋದ. ವಿಠಲನ ಹೆಂಡತಿ ಅನಸೂಯಾ ಚಾಪೆ ಹಾಸಿ ಕೂಡಿಸಿದಳು.

"ಬೆನ್ನು ಈಗ ಹ್ಯಾಂಗೈತಿ ಅಣ್ಣಾ?" ಎಂದು ಸಿದ್ರಾಮನನ್ನು ಕೇಳಿದಳು. "ದಿನಾ ಹೇಳ್ತಿದ್ರು, ಸಿದ್ರಾಮ ನೆಟ್ಟಗಾಗೂತನಕ ನಾ ನಿಂದರ್ತೀನಿ ಅಂತ."

ಸಿದ್ರಾಮ ಎದ್ದು ಹೊರಗೆ ಹೋದ. ಅವಳು ಮಾಪಣ್ಣನ ಕಡೆ ತಿರುಗಿದಳು. "ನೀವು ಉಕ್ಕಿನ ಕೆಲಸದವರಂತಲ್ರೀ. ಅವರದ ತಪ್ಪು ಅಂತ ಬರದಾರ. ಬಲ್ಲವರು ಒಬ್ಬರು ಬಂದು ಸಾಹೇಬರ ಮುಂದ ಹೇಳಿದ್ರ, ಅವರ ಹೆಸರರ ಉಳೀತಿತ್ತು."

"ಬರ್ತೀನವ್ವಾ," ಅಂದ ಮಾಪಣ್ಣ.

ವಿಚಾರಣೆಯ ಮೊದಲ ತಾರೀಖಿಗೆ, ಸಾಹೇಬರ ಕಚೇರಿಯಿದ್ದ ಕಲ್ಯಾಣದ ತನಕ ಹೋದ. ಸ್ಟೇಷನ್ನಿನ ಸೇತುವೆಯ ಮೇಲೆ ನಿಂತಾಗ, ನಿನಗೆ ಯಾವಾಗ ಗೊತ್ತಾಯಿತು ಎಂದು ಸಾಹೇಬ ಕೇಳಿಯೇ ಕೇಳುತ್ತಾನೆ ಅನ್ನಿಸಿತು. ಅವಳೂ ಅಲ್ಲೇ ಕೂತಿರುತ್ತಾಳೆ. ಅದೇ ಸೇತುವೆ ಇಳಿದು ಡೊಂಬಿವಲಿ ಲೋಕಲ್ ಹತ್ತಿದ. ಎರಡನೆಯದಕ್ಕೆ ಜ್ವರ ಎಂದ. ಮೂರನೆಯದಕ್ಕೆ ಏನೂ ಅನ್ನಲಿಲ್ಲ. ಕೇಸು ಮುಚ್ಚಿತು.

ಅನಸೂಯಾ ಈಗಲೂ ಬಜಾರದಲ್ಲಿ ಸಿಗುತ್ತಾಳೆ. "ಒಬ್ಬರು ಹೇಳಿದ್ರ ಕೇಸು ಮತ್ತ ತಗೀತಾರಂತ್ರಿ ಅಣ್ಣಾ. ನಿಮಗ ಪುರಸೊತ್ತಾದಾಗ," ಅನ್ನುತ್ತಾಳೆ. ಮಾಪಣ್ಣ ಹೂಂ ಎಂದು ಮುಂದೆ ಹೋಗುತ್ತಾನೆ.