ಮೀನಿನ ಕೌಂಟರ್ ಪಕ್ಕದಲ್ಲಿ ವಂದನಾರ್ಪಣೆ

ನಮ್ಮ ಕನ್ನಡ ಬಳಗದ ಯುಗಾದಿಗೆ ಈ ಸಲ ಜಾಗ ಸಿಕ್ಕಿದ್ದು ದ ಡೊಮೇನ್ ಎನ್ನುವ ಮಾಲ್ ಹತ್ತಿರದ ಜಪಾನಿ ಮಾರ್ಕೆಟ್ಟಿನಲ್ಲಿ. ಮುಂದೆ ಅಕ್ಕಿ, ಉಪ್ಪಿನಕಾಯಿ, ಮೀನಿನ ಕೌಂಟರ್. ಹಿಂದೆ ಪರದೆ ಸರಿಸಿದರೆ ಯಾರು ಬೇಕಾದರೂ ಬಾಡಿಗೆಗೆ ಹಿಡಿಯಬಹುದಾದ ಸಣ್ಣ ವೇದಿಕೆ. ನಮ್ಮದಾದ ಮೇಲೆ ಮಧ್ಯಾಹ್ನ ಒಂದು ಗಂಟೆಗೆ ಅದೇ ವೇದಿಕೆಯಲ್ಲಿ ದೊಡ್ಡ ಮೀನು ಕತ್ತರಿಸಿ ತೋರಿಸುವ ಕಾರ್ಯಕ್ರಮವಿತ್ತು. ಹಾಲ್ ನೋಡಿಕೊಳ್ಳುವ ಜಪಾನಿ ಆಂಟಿ ಮೊದಲೇ ಹೇಳಿದ್ದರು, ಒಂದು ಅಂದರೆ ಒಂದೇ.

"ಏನು ವಾಸನೆ ಕಣೇ!" ಎಂದು ಮೂಗು ಮುಚ್ಚಿಕೊಂಡವರ ಕಡೆ ನಾನು ಗಮನವನ್ನೇ ಕೊಡಲಿಲ್ಲ. ನನ್ನ ಜೀವವೆಲ್ಲ ಕೊನೆಯ ಐಟಮ್ಮಿನ ಮೇಲಿತ್ತು. ನನ್ನ ಮಗಳಿಗೆ ಕನ್ನಡ ಅರ್ಥವಾಗುತ್ತದೆ, ಆದರೆ ಬಾಯಿ ತೆರೆದರೆ ಇಂಗ್ಲಿಷ್. ಅಂಥವಳು ತಾನಾಗಿಯೇ ಕನ್ನಡದಲ್ಲಿ ಮಾತಾಡುತ್ತೇನೆ ಎಂದಿದ್ದಳು. ಫ್ಲೂಗರ್‌ವಿಲ್‌ನ ನಮ್ಮ ಹಿತ್ತಲಿಗೆ ಬರುವ ಅಳಿಲಿನ ಬಗ್ಗೆ. ಅವಳ ಬಾಯಲ್ಲಿ ಆ 'ಳ' ಹೊರಡಿಸುವಷ್ಟರಲ್ಲಿ ನನಗೆ ಸಾಕುಸಾಕಾಗಿತ್ತು.

ನಮ್ಮವರು ಎಂದಿನಂತೆ ತಡವಾಗಿ ಬಂದರು. ಅಧ್ಯಕ್ಷರು ಮೈಕ್ ಹಿಡಿದು "ಎರಡೇ ಎರಡು ಮಾತು" ಎಂದರು. ನಮ್ಮ ಬಳಗದಲ್ಲಿ ಹಾಗೆಂದರೆ ಅರ್ಧ ಗಂಟೆ. ಹ್ಯೂಸ್ಟನ್‌ನಿಂದ ಬಂದ ಅತಿಥಿಗಳೂ ಎರಡೇ ಮಾತಾಡಿದರು. ಇನ್ನೇನು ಮಗಳ ಸರದಿ ಎನ್ನುವಾಗ ಕಾರ್ಯದರ್ಶಿ ಎದ್ದು ನಿಂತರು. ಕಾರ್ಯದರ್ಶಿ ಯಾರು? ನನ್ನ ಯಜಮಾನರು!

"ರೀ, ಮೊದಲು ಪುಟ್ಟೀನ ಕರೀರಿ," ಎಂದೆ ಮೆಲ್ಲಗೆ.

"ಅತಿಥಿಗಳು ಹೊರಡ್ತಿದಾರೆ ಕಣೇ. ಅವರಿರೋವಾಗ್ಲೇ ವಂದನಾರ್ಪಣೆ ಮುಗಿಸಿಬಿಡ್ತೀನಿ."

ಮುಗಿಸಿದರೇ? ಅತಿಥಿಗಳಿಗೆ ವಂದನೆ, ಅವರ ಶ್ರೀಮತಿಯವರಿಗೆ ವಂದನೆ, ಡ್ಯಾಲಸ್‌ನಿಂದ ಮಾವಿನೆಲೆ ತಂದವರಿಗೆ, ಚಿತ್ರಾನ್ನ ಕಲಸಿದವರಿಗೆ, ಕುರ್ಚಿ ಹಾಕಿದವರಿಗೆ. "ಯಾರನ್ನಾದರೂ ಮರೆತಿದ್ದರೆ ಕ್ಷಮಿಸಿ" ಎಂದು, ಮರೆತವರನ್ನೆಲ್ಲ ನೆನಪಿಸಿಕೊಂಡು ಮತ್ತೆ ಶುರು ಹಚ್ಚಿಕೊಂಡರು. ಮಗಳು ಪರದೆಯ ಪಕ್ಕ ಲಂಗದ ಅಂಚು ಹಿಡಿದು ನಿಂತೇ ಇದ್ದಳು. ನನ್ನ ಮೈಯೆಲ್ಲ ಉರಿಯುತ್ತಿತ್ತು.

ಒಂದು ಗಂಟೆಯಾಯಿತು. ಆಂಟಿ ಬಗ್ಗಿ ನಮಸ್ಕರಿಸಿ, ಕ್ಷಮೆ ಕೇಳಿ, ಮೈಕ್ ತೆಗೆದುಕೊಂಡರು. ಐಸ್ ಮೇಲೆ ಮಲಗಿದ್ದ ಮೀನು ಗಾಡಿಯಲ್ಲಿ ಬಂತು. ಅದನ್ನು ಕಂಡದ್ದೇ ತಡ, ನಮ್ಮವರೆಲ್ಲ ಚಿತ್ರಾನ್ನದ ಡಬ್ಬಿ ಎತ್ತಿಕೊಂಡು ಪಾರ್ಕಿಂಗ್‌ಗೆ ಓಡಿದರು. "ಮುಂದಿನ ಸಲ ಹೇಳುವಂತೆ, ಪುಟ್ಟಿ," ಎಂದರೊಬ್ಬರು. ಮುಂದಿನ ಸಲವಂತೆ! ಅವಳು ಇನ್ನೊಮ್ಮೆ ಮನಸ್ಸು ಮಾಡುತ್ತಾಳೆಂದು ಇವರಿಗೆ ಯಾರು ಹೇಳಿದರು?

ಹೊರಗೆ ಯಜಮಾನರನ್ನು ಹುಡುಕಿ ಚೆನ್ನಾಗಿ ಬೈದು, ಮಗಳನ್ನು ಕರೆದುಕೊಂಡು ಬರಲು ಒಳಗೆ ಹೋದೆ. ಅವಳು ಅಕ್ಕಿ ಮೂಟೆಗಳ ಪಕ್ಕದಲ್ಲಿದ್ದಳು. ಎದುರಿಗೆ ಜಪಾನಿ ಆಂಟಿ. ನೀನು ಏನು ಹೇಳಬೇಕಿತ್ತು ಎಂದು ಅವರೇ ಕೇಳಿದ್ದರಂತೆ. ಮಗಳು ಹೇಳುತ್ತಿದ್ದಳು, ಶುದ್ಧ ಕನ್ನಡದಲ್ಲಿ, ಎಲ್ಲೂ ತಡವರಿಸದೆ. ಒಂದಕ್ಷರ ಅರ್ಥವಾಗದ ಆ ಹೆಂಗಸು ಕೈಕಟ್ಟಿ ನಿಂತು ಕೊನೆಯವರೆಗೂ ಕೇಳಿದರು, ಚಪ್ಪಾಳೆ ತಟ್ಟಿದರು. ಕನ್ನಡ ಬಲ್ಲ ಅಷ್ಟೂ ಜನ ಹೊರಗೆ ಚಿತ್ರಾನ್ನಕ್ಕೆ ಉಪ್ಪು ಕಮ್ಮಿ ಎನ್ನುತ್ತಿದ್ದರು. ನನಗೆ ಅಳು ಬಂತು. ಖುಷಿಗಲ್ಲ, ಸಿಟ್ಟಿಗೆ.

ಯಜಮಾನರು ಮುಖ ಸಣ್ಣದು ಮಾಡಿಕೊಂಡು ಹಿಂದೆಯೇ ಬಂದರು. "ಪುಟ್ಟಿ, ಈಗ ಅಪ್ಪನ ಹತ್ರ ಹೇಳು, ಕೇಳ್ತೀನಿ."

ಅವಳು ಅವರ ಮುಖ ನೋಡಲಿಲ್ಲ. ಕನ್ನಡದಲ್ಲೇ ಅಂದಳು:

"ಆಗ್ಲೇ ಹೇಳಾಯ್ತು."