ಅವೈಲಬಲ್ ಇಲ್ಲ

ಹೊಸನಗರದ ಕಡೆಯ ಒಂದು ಸಣ್ಣ ಸರ್ಕಾರಿ ಆಸ್ಪತ್ರೆ. ಊರಿನ ಹೆಸರು ಬೇಡ. ಅರವತ್ತರ ದಶಕದಲ್ಲಿ ಅಲ್ಲಿ ಆಯಾ ಆಗಿದ್ದ ಕೆರಿಯಮ್ಮನಿಗೆ ಬರುತ್ತಿದ್ದದ್ದು ಒಂದೇ ಇಂಗ್ಲಿಷ್ ಪದ: ಅವೈಲಬಲ್. ಕಲಿಸಿದವರು ಡಾಕ್ಟರೇ.

ಆ ಪುಣ್ಯಾತ್ಮರು ಮಧ್ಯಾಹ್ನ ಉಂಡು ಹಿಂದಿನ ಕ್ವಾರ್ಟರ್ಸಿನಲ್ಲಿ ಮಲಗಿದರೆಂದರೆ ಆಕಾಶ ಕಳಚಿಬಿದ್ದರೂ ಎಬ್ಬಿಸುವಂತಿರಲಿಲ್ಲ. ಮೊದಮೊದಲು ಕೆರಿಯಮ್ಮ ‘ಮಲಗಿದಾರೆ’ ಎನ್ನುತ್ತಿದ್ದಳು. ‘ಎಬ್ಸು’ ಎನ್ನುತ್ತಿದ್ದರು ಜನ. ‘ಇಲ್ಲ’ ಎಂದರೆ, ಎಲ್ಲಿಗೆ ಹೋದರು, ಯಾವಾಗ ಬರುತ್ತಾರೆ ಎಂದು ತಲೆ ತಿಂದು ಜಗಲಿಯಲ್ಲೇ ಕೂರುತ್ತಿದ್ದರು. ‘ಅವೈಲಬಲ್ ಇಲ್ಲ’ ಎಂದದ್ದೇ ತಡ, ತಲೆ ತಗ್ಗಿಸಿ ಎದ್ದು ಹೋಗುತ್ತಿದ್ದರು. ಇಂಗ್ಲಿಷಿನಲ್ಲಿ ಹೇಳಿದ್ದಕ್ಕೆ ಎದುರಾಡುವ ಧೈರ್ಯ ಆಗ ಯಾರಿಗಿತ್ತು? ಕೆರಿಯಮ್ಮನಿಗೂ ಸಲೀಸಾಯಿತು. ಮಾತ್ರೆ ಮುಗಿದರೂ ಅದೇ ಮಾತು, ಬ್ಯಾಂಡೇಜು ಮುಗಿದರೂ ಅದೇ ಮಾತು. ಮನೆಯಲ್ಲಿ ಗಂಡ ಎರಡನೇ ಸಲ ಕಾಫಿ ಕೇಳಿದರೂ ಅದೇ.

ಒಂದು ಮಧ್ಯಾಹ್ನ ನಿಟ್ಟೂರಿನ ಕಡೆಯಿಂದ ಎತ್ತಿನಗಾಡಿ ಬಂತು. ಮೂಕಮ್ಮ ಎಂಬ ಹೆಂಗಸು ತನ್ನ ಮಗಳನ್ನು ಕರೆತಂದಿದ್ದಳು. ಹಿಂದಿನ ದಿನದಿಂದ ಹೆರಿಗೆ ನೋವು. ಹುಡುಗಿ ಕೂಗಲೂ ತ್ರಾಣವಿಲ್ಲದೆ ಗಾಡಿಯೊಳಗೆ ಹುಲ್ಲಿನ ಮೇಲೆ ಬಿದ್ದಿದ್ದಳು.

‘ಡಾಕ್ಟ್ರು ಅವೈಲಬಲ್ ಇಲ್ಲ,’ ಎಂದಳು ಕೆರಿಯಮ್ಮ, ಗಾಡಿಯೊಳಗೆ ಇಣುಕಿ ಕೂಡ ನೋಡದೆ.

ಮೂಕಮ್ಮ ಕದಲಲಿಲ್ಲ. ‘ಹಂಗಂದ್ರೆ ಎಂತದು ಅಕ್ಕಾ?’

‘ಹಂಗಂದ್ರೆ... ಸಿಗಲ್ಲ.’

‘ಯಾಕ್ ಸಿಗಲ್ಲ? ಊರಲ್ಲಿಲ್ವಾ?’

‘ಇದಾರೆ.’

‘ಹುಷಾರಿಲ್ವಾ?’

‘ಹುಷಾರಾಗೇ ಇದಾರೆ.’

‘ಮತ್ತೆ?’

ಕೆರಿಯಮ್ಮನಿಗೆ ಮೈಯೆಲ್ಲ ಉರಿದುಹೋಯಿತು. ಮೂಕಮ್ಮನ ಮೇಲೆ ಸಿಟ್ಟು, ಡಾಕ್ಟರ ಮೇಲೆ ಸಿಟ್ಟು, ಎಲ್ಲಕ್ಕಿಂತ ಹೆಚ್ಚಾಗಿ ತನ್ನ ಹಾಳು ಬಾಯಿಯ ಮೇಲೆ. ದಡದಡ ಹಿಂದಕ್ಕೆ ಹೋಗಿ ಕ್ವಾರ್ಟರ್ಸಿನ ಬಾಗಿಲು ಬಡಿದಳು.

‘ಅವೈಲಬಲ್ ಇಲ್ಲ ಅಂತ ಹೇಳೇ!’ ಒಳಗಿನಿಂದ ಡಾಕ್ಟರು ಗದರಿದರು.

‘ಹೇಳ್ದೆ ಸ್ವಾಮಿ. ಅರ್ಥ ಕೇಳ್ತಿದಾಳೆ. ನಂಗೆ ಬರಲ್ಲ, ನೀವೇ ಬಂದು ಹೇಳಿ.’

ಬಡಿಯುವುದನ್ನು ಅವಳು ನಿಲ್ಲಿಸಲಿಲ್ಲ. ಡಾಕ್ಟರು ಬಾಯಿಗೆ ಬಂದಂತೆ ಬೈಯುತ್ತಾ ಹೊರಗೆ ಬಂದರು. ಗಾಡಿಯೊಳಗೆ ನೋಡಿದ ಮೇಲೆ ಬೈಗುಳ ನಿಂತಿತು.

ಸಂಜೆಯ ಹೊತ್ತಿಗೆ ತಾಯಿಯೂ ಉಳಿದಳು, ಮಗುವೂ ಉಳಿಯಿತು. ‘ಇನ್ನೊಂದು ಗಳಿಗೆ ತಡವಾಗಿದ್ರೆ ಇಬ್ಬರೂ ಹೋಗ್ತಿದ್ರು,’ ಎಂದರು ಡಾಕ್ಟರು, ಎಲ್ಲ ತಮ್ಮದೇ ಕೈಗುಣ ಎಂಬಂತೆ ಕೈ ತೊಳೆಯುತ್ತಾ.

ಮೂಕಮ್ಮ ಅಳುತ್ತಾ ಕೆರಿಯಮ್ಮನ ಕಾಲಿಗೆ ಬೀಳಲು ಬಂದಳು. ಕೆರಿಯಮ್ಮ ಬೆಚ್ಚಿ ಹಿಂದೆ ಸರಿದಳು.

‘ಬ್ಯಾಡ ಕಣವ್ವ. ನೀನೇನೋ ಅರ್ಥ ಕೇಳ್ದಿ. ಕೇಳದೇ ಗಾಡಿ ತಿರುಗ್ಸಿದೋರು ಬಾಳ ಜನ. ಅವ್ರೆಲ್ಲ ಏನಾದ್ರೋ ನಂಗೊತ್ತಿಲ್ಲ.’