ಪಾವಟಿಗಿ ಒಡೆದ ಡಾಕ್ಟರ

ಇಳಕಲ್ಲಿನ ಶಾಬುದ್ದೀನ ಪುಣೆಗೆ ಹೋಗಿ ಡಾಕ್ಟರಿಕೆ ಓದಿದ್ದು ಜನಸೇವೆಗೆ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಅವನು ಓದಿದ್ದು ಸೇಡಿಗೆ.

ಅಪ್ಪ ಫಕ್ರುಸಾಬ ನೇಕಾರ. ಕಾಲಿಗೆ ನಾರುಹುಣ್ಣಾಗಿತ್ತು. ಹುಣ್ಣಿನಿಂದ ಇಣುಕುವ ಹುಳವನ್ನು ಕಡ್ಡಿಗೆ ಸುತ್ತಿ, ದಿನಕ್ಕೆ ಒಂದೇ ಸುತ್ತು ಎಳೆಯಬೇಕು. ಹರಿದರೆ ಕಾಲು ಕೀವುಗಟ್ಟಿ ಜೀವಕ್ಕೇ ಬರುತ್ತದೆ. ತನ್ನ ಮಗಳ ಮದುವೆ ಸೀರೆ ತಡವಾಯಿತೆಂದು ಸಾವುಕಾರ ಹೊಳಬಸಪ್ಪ ಮನೆಗೇ ಬಂದ. “ಇಷ್ಟ ಹುಳಕ್ಕ ಮಗ್ಗ ನಿಲ್ಲಸ್ತೀಯೇನಲೇ?” ಎಂದು ಕಡ್ಡಿ ಹಿಡಿದು ಜಗ್ಗಿಯೇಬಿಟ್ಟ. ಹುಳ ಹರಿಯಿತು. ಹನ್ನೊಂದನೇ ದಿನ ಫಕ್ರುಸಾಬ ಸತ್ತ. ಹತ್ತು ವರ್ಷದ ಶಾಬುದ್ದೀನ ಆ ಕಡ್ಡಿಯನ್ನು ತೆಗೆದಿಟ್ಟುಕೊಂಡ.

ಪುಣೆಯಲ್ಲಿ ಅವನಿಗೆ ಗೊತ್ತಾಯಿತು: ಹುಣ್ಣಿನ ಕಾಲು ನೀರಿಗೆ ತಾಗಿದರೆ ಹುಳ ಮರಿ ಚೆಲ್ಲುತ್ತದೆ, ಆ ನೀರು ಕುಡಿದವರಿಗೆ ಮರುವರ್ಷ ನಾರು. ಪಾವಟಿಗಿ, ಅಂದರೆ ಮೆಟ್ಟಿಲು, ಇಳಿದು ಕೊಡ ತುಂಬುವ ಬಾವಿಯೇ ಮೂಲ! ಓಣಿಯ ಬಾವಿ ಕಟ್ಟಿಸಿದವನು ಹೊಳಬಸಪ್ಪನ ಅಜ್ಜ. ಶಾಬುದ್ದೀನನಿಗೆ ಹಾಲು ಕುಡಿದಷ್ಟು ಸಂತೋಷವಾಯಿತು.

೧೯೧೨ರ ಬೇಸಿಗೆಯಲ್ಲಿ ಊರಿಗೆ ಬಂದವನೇ ಹೇಳಿದ: “ಪಾವಟಿಗಿ ಒಡೀರಿ. ಗಡಗಡಿ ಹಾಕಿ ಮ್ಯಾಲಿಂದ ನೀರು ಸೇದ್ರಿ.”

“ನಮ್ಮಜ್ಜನ ಬಾವಿ ಮುಟ್ಟಿದರ ಕೈ ಕಡೀತೇನಿ,” ಅಂದ ಹೊಳಬಸಪ್ಪ.

ಮರುವರ್ಷ ಅದೇ ಸಾವುಕಾರನ ಕಾಲಿನ ಮೀನಖಂಡದಲ್ಲಿ ಹುಳ ಇಣುಕಿತು. ಬೇರೆ ದಾರಿಯಿಲ್ಲದೆ ಶಾಬುದ್ದೀನನ ಮನೆಗೆ ಬಂದ. ಶಾಬುದ್ದೀನ ಹಳೆಯ ಕಡ್ಡಿಯನ್ನೇ ಹೊರತೆಗೆದು ಹುಳವನ್ನು ಸಿಕ್ಕಿಸಿದ.

“ಇದರ ಗುರ್ತ ಐತೇನ್ರಿ ಸಾವುಕಾರ್ರ? ಒಮ್ಮೆ ಜಗ್ಗಲೇನು?”

ಹೊಳಬಸಪ್ಪ ಎರಡೂ ಕೈ ಜೋಡಿಸಿದ. “ಬ್ಯಾಡೋ ತಮ್ಮಾ, ನಿನ್ನ ಕಾಲಿಗೆ ಬೀಳ್ತೇನಿ.”

“ಹಂಗಾರ ದಿನಕ್ಕ ಒಂದ ಪಾವಟಿಗಿ ಒಡೀತೇನಿ. ಒಡದಮ್ಯಾಲೆ ಒಂದ ಸುತ್ತು. ನೀವು ದಂಡಿಗೆ ಕುಂತು ನೋಡಬೇಕು.”

ಹತ್ತೊಂಬತ್ತು ದಿನ ಹಾಗೇ ನಡೆಯಿತು. ಅಜ್ಜನ ಒಂದೊಂದು ಕಲ್ಲು ಬಿದ್ದಾಗಲೂ ಮುದುಕ ಅತ್ತ. ಶಾಬುದ್ದೀನನ ಹೊಟ್ಟೆ ತಣ್ಣಗಾಯಿತು. ಇಪ್ಪತ್ತನೆಯ ದಿನ ಉಳಿದಿದ್ದು ನೀರಂಚಿನ ಕೊನೆಯ ಮೆಟ್ಟಿಲು. ಹಗ್ಗ ಹಿಡಿದು ಇಳಿದು ಸುತ್ತಿಗೆ ಎತ್ತಿದವನ ಕೈ ಅಲ್ಲೇ ನಿಂತಿತು. ಉರಿ ತಾಳಲಾರದ ಅಪ್ಪನನ್ನು ದಿನಾ ಸಂಜೆ ಇಲ್ಲಿಗೇ ಕರೆತಂದು, ಹುಣ್ಣಿನ ಕಾಲನ್ನು ನೀರಿಗಿಳಿಸಿ, ಬೊಗಸೆಯಲ್ಲಿ ನೀರು ಎರೆದವನು ತಾನೇ. ಅಪ್ಪ ಸತ್ತ ಮರುವರ್ಷ ಓಣಿಯಲ್ಲಿ ಒಂಬತ್ತು ಜನ ನಾರು ಹತ್ತಿ ಮಲಗಿದ್ದರು.

ದಂಡೆಯಿಂದ ಹೊಳಬಸಪ್ಪ ಕೂಗಿದ: “ಯಾಕೋ, ನಿಂತಿ?”

ಶಾಬುದ್ದೀನ ಸುತ್ತಿಗೆ ಬೀಸಿದ. ಆ ಕಲ್ಲು ಪುಡಿಯಾಗುವವರೆಗೂ ಹೊಡೆದ. ಮೇಲೆ ಬಂದು ಮೆತ್ತಗೆ ಕೊನೆಯ ಸುತ್ತು ಸುತ್ತಿದ. ಹುಳ ಇಡಿಯಾಗಿ ಹೊರಬಂತು. ಕಡ್ಡಿಯನ್ನು ಒಲೆಗೆ ಹಾಕಿದ. ಪುಣೆಯಿಂದ ಬಂದಿದ್ದ ನೌಕರಿಯ ಕರೆಯನ್ನು ಬಿಟ್ಟು, ಮರುದಿನ ಸುತ್ತಿಗೆ ಹೊತ್ತು ಹುನಗುಂದದ ಬಾವಿಗಳ ಕಡೆ ನಡೆದ.